ಒಂದೇ ಹೆಸರು, ಹಲವು ಊರು: ಕೂಡಲಗಳ ವಿಚಾರ

ಪ್ರಾದೇಶಿಕ ಇತಿಹಾಸವನ್ನು ಬರೆಯಹೊರಟವರಿಗೆ ಎದುರಾಗುವ ಮೊದಲ ತೊಡಕು ಹೆಸರಿನದು. ಶಾಸನದಲ್ಲಿ ಒಂದು ಊರಿನ ಹೆಸರು ದೊರೆಯುತ್ತದೆ. ಅದೇ ಹೆಸರಿನ ಊರು ನಮ್ಮ ತಾಲ್ಲೂಕಿನಲ್ಲಿಯೂ ಉಂಟು. ಅದು ಇದೇ ಎಂದು ನಿಶ್ಚಯಿಸಿಬಿಡುವ ಆಸೆ ಯಾರಿಗೆ ತಾನೇ ಆಗುವುದಿಲ್ಲ? ತನ್ನ ಊರಿನ ಮೇಲಣ ಅಭಿಮಾನವು ದೋಷವಲ್ಲ. ಆದರೆ ಅಭಿಮಾನವೇ ಆಧಾರವಾದಾಗ ಇತಿಹಾಸವು ಕುಂಟತೊಡಗುತ್ತದೆ.

ವ್ಯಕ್ತಿಗಳ ಹೆಸರುಗಳಲ್ಲಿಯೂ ಈ ತೊಡಕು ತಪ್ಪಿದುದಲ್ಲ. 'ಆಹವಮಲ್ಲ' ಎಂಬ ಒಂದು ಹೆಸರನ್ನು ತೆಗೆದುಕೊಳ್ಳಿರಿ. ರಾಷ್ಟ್ರಕೂಟರನ್ನು ಅಡಗಿಸಿ ೯೭೩ರಲ್ಲಿ ಚಾಲುಕ್ಯ ರಾಜ್ಯವನ್ನು ಮತ್ತೆ ಎತ್ತಿ ನಿಲ್ಲಿಸಿದ ಇಮ್ಮಡಿ ತೈಲಪನಿಗೆ ಈ ಬಿರುದಿತ್ತು. ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡು ೧೦೪೨ರಿಂದ ೧೦೬೮ರವರೆಗೆ ಆಳಿದ ಒಂದನೆಯ ಸೋಮೇಶ್ವರನಿಗೂ ಇದೇ ಬಿರುದು. ಮಂಗಳವೇಡೆಯಿಂದ ಮೇಲೆ ಬಂದ ಕಳಚುರಿ ವಂಶದಲ್ಲಿ, ಬಿಜ್ಜಳನ ಮಕ್ಕಳಲ್ಲೊಬ್ಬನಿಗೆ ಇದೇ ಹೆಸರು. ಆತನು ೧೧೮೦ರ ಬಳಿಕ ಕೆಲವೇ ವರ್ಷ ಆಳಿದನು. ಮೇಲಣ ಸಾಲುಗಳು ಸವೆದು 'ಆಹವಮಲ್ಲದೇವ' ಎಂಬಿಷ್ಟೇ ಉಳಿದ ಒಂದು ಕಲ್ಲು ನಮ್ಮ ಕೈಗೆ ಸಿಕ್ಕಿದರೆ ಇನ್ನೂರು ವರ್ಷಗಳ ಅಂತರದಲ್ಲಿ ಮೂವರು ಅರಸರು ಅದರ ಒಡೆತನಕ್ಕೆ ಬಂದು ನಿಲ್ಲುತ್ತಾರೆ. ಶಕವರ್ಷ, ವಂಶದ ಹೆಸರು, ಅಕ್ಷರದ ಆಕೃತಿ, ಅಧಿಕಾರಿಗಳ ಹೆಸರು ಇವುಗಳಲ್ಲೊಂದಾದರೂ ಜೊತೆಗಿಲ್ಲದೆ ತೀರ್ಪು ಕೊಡಲಾಗದು.

ಪ್ರಕೃತ ಲೇಖನದಲ್ಲಿ ಊರಿನ ಹೆಸರೊಂದನ್ನು ಮಾತ್ರ ಹಿಡಿದು ಈ ಪ್ರಶ್ನೆಯನ್ನು ಪರಿಶೀಲಿಸಬೇಕೆಂದು ಉದ್ದೇಶ. ಆ ಹೆಸರು 'ಕೂಡಲ'. ಇದನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಕರ್ನಾಟಕದ ಒಳಗೆ ಇದು ಸುಪ್ರಸಿದ್ಧವಾದುದು; ಅದಲ್ಲದೆ ಸೊಲ್ಲಾಪುರ, ಆಲಂಪುರ, ನೀಲಗಿರಿ, ವಯನಾಡು, ಕಾಸರಗೋಡು ಹೀಗೆ ನಮ್ಮ ಗಡಿಯ ಎಲ್ಲ ಮಗ್ಗುಲುಗಳಲ್ಲಿಯೂ ಅದರ ರೂಪಗಳು ದೊರೆಯುತ್ತವೆ. ಗಡಿನಾಡಿನ ಉಪಾಧ್ಯಾಯರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇರೆ ಇರಲಾರದು.

ಹೆಸರಿನ ಅರ್ಥ

'ಕೂಡು' ಎಂಬ ಧಾತುವಿನಿಂದ 'ಕೂಡಲ್' ಎಂಬ ನಾಮಪದ. ಎರಡು ಹೊಳೆಗಳು ಒಂದಾಗುವ ಸ್ಥಳಕ್ಕೆ ಇದು ಸಹಜವಾದ ಹೆಸರು. ಈ ಧಾತು ಕನ್ನಡದ ಸೊತ್ತು ಮಾತ್ರವಲ್ಲ; ತಮಿಳು, ಮಲಯಾಳ, ತೆಲುಗು, ತುಳು ಭಾಷೆಗಳೂ ಇದಕ್ಕೆ ಹಕ್ಕುದಾರರು. ಮಧುರೆಗೆ ಪ್ರಾಚೀನ ತಮಿಳಿನಲ್ಲಿ ಕೂಡಲ್ ಎಂಬ ಹೆಸರೇ ಉಂಟು. ತಮಿಳುನಾಡಿನ ಕಡಲತೀರದ ಕಡಲೂರಿನ ಹಳೆಯ ರೂಪ ಕೂಡಲೂರು. ಮಂಗಳೂರನ್ನು ತುಳುವರು ಕುಡ್ಲವೆಂದು ಕರೆಯುತ್ತಾರೆ. ಅಲ್ಲಿ ನೇತ್ರಾವತಿಯೂ ಗುರುಪುರ ಹೊಳೆಯೂ ಒಂದೇ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತವೆ. ನದಿಗಳೇ ಕೂಡಬೇಕೆಂಬ ನಿಯಮವೂ ಇಲ್ಲ. ನೀಲಗಿರಿಯ ಗೂಡಲೂರಿನಲ್ಲಿ ಮೈಸೂರು, ಉದಕಮಂಡಲ, ಮಲಬಾರು ಈ ಮೂರು ಕಡೆಯ ದಾರಿಗಳು ಕೂಡುತ್ತವೆ.

ಆದುದರಿಂದ ಮೊದಲು ಗಮನಿಸಬೇಕಾದ ಮಾತು ಇದು: ಒಂದೇ ಹೆಸರಿನ ಊರುಗಳು ಒಂದರಿಂದ ಒಂದು ಹುಟ್ಟಿದುವೆಂದು ಭಾವಿಸಲಾಗದು. ನೆಲದ ಲಕ್ಷಣ ಒಂದೇ ಆದಲ್ಲಿ, ಆಡುವ ಮಾತಿನ ಮೂಲವೂ ಒಂದೇ ಆದಲ್ಲಿ, ಪರಸ್ಪರ ಪರಿಚಯವೇ ಇಲ್ಲದ ಜನರು ತಮ್ಮ ತಮ್ಮ ಊರಿಗೆ ಒಂದೇ ಹೆಸರನ್ನು ಇಟ್ಟುಕೊಳ್ಳುತ್ತಾರೆ. ಹೊಳೆಯ ಬದಿಯ ಹಳ್ಳಿಗೆ ಹೊಳೆಯೇ ಹೆಸರನ್ನು ಕೊಟ್ಟಿತೆಂದರೂ ಸಲ್ಲುತ್ತದೆ.

ಇದಕ್ಕೆ ಎರಡು ನದಿಗಳು ಒಳ್ಳೆಯ ಸಾಕ್ಷಿ. ಮೊದಲನೆಯದು ಕಪಿಲೆ, ಎಂದರೆ ಕಬಿನಿ. ವಯನಾಡಿನಲ್ಲಿ ಮಾನಂತವಾಡಿ ಹೊಳೆಯೂ ಪನಮರಂ ಹೊಳೆಯೂ ಸೇರಿ ಕಬಿನಿಯಾಗುವ ಸ್ಥಳಕ್ಕೆ ಮಲಯಾಳದಲ್ಲಿ ಕೂಡಲ್‌ಕಡವು ಎಂದು ಹೆಸರು. ಅದೇ ನದಿ ಹೆಗ್ಗಡದೇವನಕೋಟೆ, ನಂಜನಗೂಡುಗಳ ಸೀಮೆಯನ್ನು ಹಾದು ಕಾವೇರಿಯನ್ನು ಸೇರುವ ಸ್ಥಳ ತಿರುಮಕೂಡಲು, ಟಿ. ನರಸೀಪುರದ 'ಟಿ' ಅದೇ. ಹೀಗೆ ಒಂದು ನದಿಯ ಹುಟ್ಟಿನಲ್ಲಿ ಒಂದು ಕೂಡಲ, ಕೊನೆಯಲ್ಲಿ ಇನ್ನೊಂದು ಕೂಡಲ. ಮೊದಲನೆಯದು ಮಲಯಾಳದ ಬಾಯಲ್ಲಿ, ಎರಡನೆಯದು ಕನ್ನಡದ ಬಾಯಲ್ಲಿ. ಎರಡನೆಯ ನದಿ ತುಂಗಭದ್ರೆ. ಶಿವಮೊಗ್ಗ ಜಿಲ್ಲೆಯಲ್ಲಿ ಹೊಳೆಹೊನ್ನೂರಿನ ಬಳಿ ತುಂಗೆ ಭದ್ರೆಗಳು ಸೇರುವ ಸ್ಥಳ ಕೂಡಲಿ. ಮುಂದೆ ಹರಿದ್ರಾ ಎಂಬ ಹೊಳೆ ಬಂದು ಸೇರುವಲ್ಲಿ ಇಂದಿನ ಹರಿಹರ. ಶಾಸನಗಳಲ್ಲಿ ಅದರ ಹೆಸರು ಕೂಡಲೂರು. ಕೊನೆಗೆ ತುಂಗಭದ್ರೆಯು ಕೃಷ್ಣೆಯಲ್ಲಿ ಲೀನವಾಗುವ ಸ್ಥಳದಲ್ಲಿದ್ದ ಊರು ಕೂಡವೆಲ್ಲಿ. ಒಂದೇ ನದಿಯ ಉದ್ದಕ್ಕೆ ಮೂರು ಕೂಡಲಗಳಾದುವು.

ಇವಲ್ಲದೆ ಕೃಷ್ಣಾ ಮಲಪ್ರಭೆಗಳ ಸಂಗಮದಲ್ಲಿ, ಈಗಿನ ಬಾಗಲಕೋಟೆ ಜಿಲ್ಲೆಯಲ್ಲಿರುವ ಕೂಡಲಸಂಗಮವನ್ನು ಅರಿಯದ ಕನ್ನಡಿಗನಿಲ್ಲ. ದಕ್ಷಿಣ ಸೊಲ್ಲಾಪುರ ತಾಲ್ಲೂಕಿನಲ್ಲಿ ಭೀಮಾ ಸೀನಾ ನದಿಗಳು ಕೂಡುವ ಸ್ಥಳದಲ್ಲಿಯೂ ಒಂದು ಕೂಡಲವಿದೆ; ನೆರೆಯ ಊರಿನ ಹೆಸರು ಸೇರಿಸಿ ಅದನ್ನು ಹತ್ತರಸಂಗ-ಕೂಡಲವೆನ್ನುತ್ತಾರೆ.

ಎರಡು ಭಾಷೆಯ ಒಂದು ಹೆಸರು

'ಕೂಡಲಸಂಗಮ' ಎಂಬ ಪದವನ್ನು ಬಿಡಿಸಿ ನೋಡಿದರೆ ಒಂದು ವಿಶೇಷ ಕಾಣುತ್ತದೆ. ಕೂಡಲವೆಂದರೂ ಸಂಗಮ, ಸಂಗಮವೆಂದರೂ ಕೂಡಲ. ದೇಶ್ಯಪದವೊಂದು, ಸಂಸ್ಕೃತಪದವೊಂದು; ಅರ್ಥ ಮಾತ್ರ ಒಂದೇ. ಊರಿನ ಜನರಿಟ್ಟ ಹೆಸರು ಮೊದಲೇ ಇದ್ದಿತು. ದೇವಾಲಯವೂ ಅಗ್ರಹಾರವೂ ಶಾಸನದ ಬರೆಹವೂ ಬಂದಾಗ ಸಂಸ್ಕೃತದ ಹೆಸರು ಬಂದಿತು. ಹೊಸ ಹೆಸರು ಹಳೆಯದನ್ನು ಹೊರಗೆ ತಳ್ಳದೆ ಅದರ ಪಕ್ಕದಲ್ಲಿಯೇ ಕುಳಿತುಕೊಂಡಿತು. ಅರ್ಥ ಮರೆತು ಹೀಗೆ ದ್ವಿರುಕ್ತಿ ಆಯಿತೆಂದು ಹೇಳಿ ನಕ್ಕುಬಿಡಬಾರದು. ಆ ಊರಿನ ಭಾಷಾಚರಿತ್ರೆಯ ಎರಡು ಪದರಗಳು ಆ ಒಂದು ಹೆಸರಿನಲ್ಲಿ ಉಳಿದಿವೆ.

ಸಂಗಮವಿದ್ದಲ್ಲೆಲ್ಲ ಸಂಗಮೇಶ್ವರನೂ ಇದ್ದಾನೆ. ಕೂಡಲಸಂಗಮ, ಕೂಡಲಿ, ಕೂಡವೆಲ್ಲಿ, ಹತ್ತರಸಂಗ ಈ ನಾಲ್ಕರಲ್ಲಿಯೂ ಆತನ ಗುಡಿಯುಂಟು. ತಾಳವಾಡಿಯನ್ನು ಒಳಗೊಂಡ ಈರೋಡು ಜಿಲ್ಲೆಯಲ್ಲಿಯೇ ಭವಾನಿ ಪಟ್ಟಣದ ಕಾವೇರೀ ಸಂಗಮದಲ್ಲಿ ಸಂಗಮೇಶ್ವರ ದೇವಾಲಯವಿದೆ. ಕೊಂಕಣದ ರತ್ನಾಗಿರಿ ಜಿಲ್ಲೆಯ ಸಂಗಮೇಶ್ವರವು ೧೬೮೯ರಲ್ಲಿ ಸಂಭಾಜಿಯು ಮೊಗಲರ ಕೈಗೆ ಸೆರೆಸಿಕ್ಕ ಸ್ಥಳವೆಂದು ಮರಾಠಿಗರ ಇತಿಹಾಸದಲ್ಲಿ ಪ್ರಸಿದ್ಧ. ಇವರೆಲ್ಲರಲ್ಲಿ ಬಸವಣ್ಣನವರ ವಚನಗಳ ಅಂಕಿತದಲ್ಲಿ ನೆಲೆಸಿದವನು ಮಲಪ್ರಭೆಯ ಕೂಡಲದ ದೇವನು. ಅಲ್ಲಿಂದ ಮುಂದೆ ಆ ಹೆಸರು ಮನೆಮನೆಗೆ ಬಂತು. ಸಂಗಪ್ಪ, ಸಂಗವ್ವ, ಸಂಗಮೇಶ, ಸಂಗನಗೌಡ, ಸಂಗನಬಸಪ್ಪ ಎಂಬ ಹೆಸರುಗಳನ್ನು ನಮ್ಮ ಶಾಲೆಯ ಹಾಜರಿಪಟ್ಟಿಗಳಲ್ಲಿ ನಾವು ದಿನವೂ ಕೂಗುತ್ತೇವೆ. ಹೊಳೆಯ ಗುಣ ಊರಿನ ಹೆಸರಾಗಿ, ಊರಿನ ಹೆಸರು ದೇವರದಾಗಿ, ದೇವರದು ಮನುಷ್ಯರದಾದ ಕ್ರಮ ಇದು. ಅಕ್ಕಲಕೋಟೆಯ ಸಂಗಪ್ಪನ ಹಿರಿಯರು ಯಾವ ಸಂಗಮದ ಒಕ್ಕಲಾಗಿದ್ದರೆಂದು ಕೇಳಿದರೆ ಮನೆದೇವರ ಹೆಸರಿನಿಂದ ಒಂದು ವಲಸೆಯ ದಾರಿಯೇ ತಿಳಿದುಬರಬಹುದು.

ಕೆಲವೆಡೆ ವ್ಯಕ್ತಿಯ ಹೆಸರು ಊರಿನ ಹೆಸರಿನೊಡನೆ ಕಲೆತು ಭ್ರಾಂತಿಯನ್ನು ಹುಟ್ಟಿಸುತ್ತದೆ. ವಿಜಯನಗರದ ಮೊದಲ ಅರಸುಮನೆತನಕ್ಕೆ ಸಂಗಮವಂಶವೆಂದು ಹೆಸರು. ಅದು ಹರಿಹರ ಬುಕ್ಕರ ತಂದೆಯಾದ ಸಂಗಮನಿಂದ ಬಂದುದೇ ಹೊರತು ನದೀಸಂಗಮದಿಂದ ನೇರವಾಗಿ ಬಂದುದಲ್ಲ. ಹಾಗೆಯೇ ಹರಿಹರವೆಂಬುದು ತುಂಗಭದ್ರೆಯ ದಂಡೆಯ ಊರು, ಅಲ್ಲಿಯ ದೇವರು. ವಿಜಯನಗರದ ಇಬ್ಬರು ಅರಸರ ಹೆಸರು. ಹಂಪೆಯ ವಿರೂಪಾಕ್ಷನನ್ನು ನಂಬಿದ ರಗಳೆಗಳ ಕವಿಯ ಹೆಸರು ಕೂಡ. ಕವಿ ಹರಿಹರನು ಬಸವಣ್ಣನವರ ಚರಿತ್ರೆಯನ್ನು ಬರೆದುದರಿಂದ ಕೂಡಲಸಂಗಮದ ಮಾತು ಆತನ ಕಾವ್ಯದಲ್ಲಿ ಬಂದೇ ಬರುತ್ತದೆ. ಕೂಡಲೂರಾದ ಹರಿಹರದ ಮಾತು ಶಾಸನಗಳಲ್ಲಿ ಬರುತ್ತದೆ. ಎರಡನ್ನೂ ಅವಸರದಿಂದ ಓದುವ ವಿದ್ಯಾರ್ಥಿ ಕವಿಯನ್ನು ಆ ಊರಿನವನನ್ನಾಗಿ ಮಾಡಿದರೆ ಆಶ್ಚರ್ಯವೇನು?

ಯಾವ ಕೂಡಲದ ಯುದ್ಧ?

ಹೆಸರಿನ ತೊಡಕು ದೊಡ್ಡ ಇತಿಹಾಸವನ್ನೇ ಹೇಗೆ ಮುಟ್ಟುತ್ತದೆಂಬುದಕ್ಕೆ ಹನ್ನೊಂದನೆಯ ಶತಮಾನದ ಒಂದು ಯುದ್ಧ ನಿದರ್ಶನವಾಗಿದೆ. ಚಾಲುಕ್ಯ ಸೋಮೇಶ್ವರ ಆಹವಮಲ್ಲನಿಗೂ ಚೋಳರಿಗೂ ಜೀವಾವಧಿಯ ವೈರ. ೧೦೬೩ರಿಂದ ೧೦೭೦ರವರೆಗೆ ಆಳಿದ ಚೋಳ ವೀರರಾಜೇಂದ್ರನು ತನ್ನ ತಮಿಳು ಶಾಸನಗಳ ಪ್ರಶಸ್ತಿಭಾಗದಲ್ಲಿ, ಕೂಡಲಸಂಗಮದಲ್ಲಿ ಚಾಲುಕ್ಯ ಸೈನ್ಯವನ್ನು ಮುರಿದುದಾಗಿ ಹೇಳಿಕೊಂಡಿದ್ದಾನೆ. ಆಹವಮಲ್ಲನ ಬೆನ್ನನ್ನು ಐದು ಬಾರಿ ಕಂಡವನೆಂಬ ಹೊಗಳಿಕೆಯನ್ನೂ ಹೊತ್ತಿದ್ದಾನೆ. ಈ ಕೂಡಲಸಂಗಮ ಯಾವುದು?

ಹೆಸರನ್ನಷ್ಟೇ ನೋಡಿದರೆ ಉತ್ತರ ಸುಲಭ. ಬಸವಣ್ಣನವರ ಕೂಡಲಸಂಗಮವೇ ಅಕ್ಷರಶಃ ಆ ಹೆಸರಿನದು. ಆದರೆ ಪ್ರಶಸ್ತಿಯ ಹಿಂದು ಮುಂದನ್ನು ನೋಡಬೇಕು. ಚಾಲುಕ್ಯರ ಪಡೆಯನ್ನು ಗಂಗಪಾಡಿಯಿಂದ ತುಂಗಭದ್ರೆಯ ಆಚೆಗೆ ಅಟ್ಟಿದ ಮಾತು ಅದರಲ್ಲಿಯೇ ಇದೆ. ಆ ಕಾಲದಲ್ಲಿ ಎರಡು ರಾಜ್ಯಗಳ ತಿಕ್ಕಾಟ ಮತ್ತೆ ಮತ್ತೆ ನಡೆದುದು ತುಂಗಭದ್ರೆಯ ಆಸುಪಾಸಿನಲ್ಲಿ. ಈ ಕಾರಣದಿಂದ ತುಂಗೆ ಭದ್ರೆಗಳು ಸೇರುವ ಕೂಡಲಿಯೇ ಆ ಸ್ಥಳವೆಂದು ಕೆಲವು ವಿದ್ವಾಂಸರೂ, ತುಂಗಭದ್ರೆ ಕೃಷ್ಣೆಗಳು ಸೇರುವ ಸ್ಥಳವೇ ಅದೆಂದು ಇನ್ನು ಕೆಲವರೂ ವಾದಿಸಿದ್ದಾರೆ. ಮೂರು ಸ್ಥಳಗಳಲ್ಲಿಯೂ ಹೆಸರು ಹೊಂದುತ್ತದೆ, ಮೂರರಲ್ಲಿಯೂ ಎರಡು ಹೊಳೆಗಳಿವೆ, ಮೂರರಲ್ಲಿಯೂ ಸಂಗಮೇಶ್ವರನಿದ್ದಾನೆ. ಹೊಂದದಿರುವುದು ಸೈನ್ಯದ ದಾರಿ. ಆದುದರಿಂದ ಈ ವಾದದಲ್ಲಿ ತೂಕವುಳ್ಳ ಸಾಕ್ಷಿಯೆಂದರೆ ಹೆಸರಲ್ಲ, ನದಿ ಮತ್ತು ದಂಡು ನಡೆದ ಮಾರ್ಗ. ಈ ಒಂದು ಕಾರಣಕ್ಕಾಗಿ ಮಲಪ್ರಭೆಯ ಕೂಡಲದ ಪಕ್ಷವು ಉಳಿದೆರಡಕ್ಕಿಂತ ದುರ್ಬಲವೆನ್ನಬೇಕಾಗುತ್ತದೆ.

ಈ ಪ್ರಸಂಗದ ಮುಂದಿನ ಭಾಗವು ಮನಕರಗಿಸುವಂಥದು. ಚೋಳಶಾಸನದ ಪ್ರಕಾರ ಆಹವಮಲ್ಲನೇ ಮತ್ತೊಮ್ಮೆ ಕೂಡಲದಲ್ಲಿ ಕಾದುವೆನೆಂದು ಓಲೆ ಬರೆದನಂತೆ. ವೀರರಾಜೇಂದ್ರನು ಬಂದು ಒಂದು ತಿಂಗಳು ಕಾದನು. ಚಾಲುಕ್ಯ ದೊರೆ ಬರಲಿಲ್ಲ. ಚೋಳರ ಪ್ರಶಸ್ತಿಗಾರನಿಗೆ ಇದು ಹೇಡಿತನವೆಂದು ತೋರಿತು. ಆದರೆ ಬಿಲ್ಹಣನು ವಿಕ್ರಮಾಂಕದೇವಚರಿತದಲ್ಲಿ ಆಹವಮಲ್ಲನು ಗುಣವಾಗದ ಜ್ವರದಿಂದ ನರಳಿ ತುಂಗಭದ್ರೆಯಲ್ಲಿ ಇಳಿದು ಪ್ರಾಣಬಿಟ್ಟುದನ್ನು ವರ್ಣಿಸಿದ್ದಾನೆ. ಕುರುವತ್ತಿಯಲ್ಲಿ ೧೦೬೮ರ ಮಾರ್ಚ್ ತಿಂಗಳಲ್ಲಿ ನಡೆದ ಘಟನೆ ಅದು. ಹೊತ್ತಿಗೆ ಸರಿಯಾಗಿ ಕೂಡಲಕ್ಕೆ ಬಾರದ ದೊರೆ ರೋಗಿಯಾಗಿದ್ದಿರಬಹುದೆಂದು ಇತಿಹಾಸಕಾರರು ಊಹಿಸುವುದು ಈ ಎರಡು ಪಕ್ಷದ ಬರೆಹಗಳನ್ನು ಜೋಡಿಸಿ ಓದಿದುದರ ಫಲ.

ಇದೇ ವೀರರಾಜೇಂದ್ರನ ಹೆಸರು ಇನ್ನೊಂದು ಕೂಡಲದಲ್ಲಿ ಬೇರೊಂದು ಕಾರಣಕ್ಕೆ ಉಳಿದಿದೆ. ಕಾಂಚೀಪುರ ಜಿಲ್ಲೆಯಲ್ಲಿ ಪಾಲಾರು, ಚೆಯ್ಯಾರು, ವೇಗವತಿ ನದಿಗಳು ಸೇರುವ ತಿರುಮುಕ್ಕೂಡಲಿನಲ್ಲಿ ಆತನ ಆಳಿಕೆಯ ಒಂದು ದೀರ್ಘಶಾಸನವಿದೆ. ವೇದಪಾಠಶಾಲೆಯೊಂದರ ವ್ಯವಸ್ಥೆಯನ್ನೂ, ಹದಿನೈದು ಹಾಸಿಗೆಗಳ ಆಸ್ಪತ್ರೆಯೊಂದರ ವ್ಯವಸ್ಥೆಯನ್ನೂ ಅದು ವಿವರವಾಗಿ ತಿಳಿಸುತ್ತದೆ. ನಮ್ಮ ತಿರುಮಕೂಡಲೂ ಆ ತಿರುಮುಕ್ಕೂಡಲೂ ಹೆಸರಿನಲ್ಲಿ ಒಡಹುಟ್ಟಿದವರಂತಿವೆ. ಊರುಗಳು ಬೇರೆ, ನದಿಗಳು ಬೇರೆ. ಒಂದರ ಶಾಸನವನ್ನು ಇನ್ನೊಂದಕ್ಕೆ ಅಂಟಿಸಿದರೆ ಕಾವೇರಿಯ ದಂಡೆಯಲ್ಲಿ ಇಲ್ಲದ ಆಸ್ಪತ್ರೆಯೊಂದನ್ನು ಕಟ್ಟಿದಂತಾಗುತ್ತದೆ.

ಭೀಮಾತೀರದ ಕೂಡಲ

ಇನ್ನು ನಮ್ಮ ಗಡಿಯ ಕೂಡಲಕ್ಕೆ ಬರೋಣ. ಹತ್ತರಸಂಗ-ಕೂಡಲದಲ್ಲಿ ಸಂಗಮೇಶ್ವರ ಮತ್ತು ಹರಿಹರೇಶ್ವರ ಎಂಬ ಎರಡು ಪ್ರಾಚೀನ ದೇವಾಲಯಗಳಿವೆ. ತುಂಗಭದ್ರೆಯ ಕೂಡಲೂರಿನಲ್ಲಿಯೂ ಹರಿಹರೇಶ್ವರನೇ. ಅಲ್ಲಿಯ ಗುಡಿಯನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದನು. ಊರಿನ ಹೆಸರಿನ ಜೊತೆಗೆ ದೇವರ ಹೆಸರು ಕೂಡ ಹೊಂದಿದರೆ ಸ್ಥಳ ನಿರ್ಣಯವಾಯಿತೆಂದು ನಂಬುವವರಿಗೆ ಇದೊಂದು ಎಚ್ಚರಿಕೆ. ಎರಡು ಹೊಂದಿದರೂ ಸಾಲದು. ಯಾವ ಹೊಳೆ, ಯಾವ ನಾಡು, ಯಾವ ಅರಸು ಎಂಬುದನ್ನು ಕೇಳಲೇಬೇಕು.

ಈ ಭೀಮಾತೀರದ ಕೂಡಲವು ಮತ್ತೊಂದು ಕಾರಣದಿಂದ ನಮಗೆ ಮುಖ್ಯ. ಅಲ್ಲಿಯ ಸಂಗಮೇಶ್ವರ ದೇವಾಲಯದಲ್ಲಿ ಶಕ ೯೪೦ರ, ಎಂದರೆ ಕ್ರಿ. ಶ. ೧೦೧೮ರ ಒಂದು ಬರೆಹವಿದೆ. ಅದರ ಮಾತು ಮರಾಠಿ. ತೇದಿಯುಳ್ಳ ಅತಿ ಹಳೆಯ ಮರಾಠಿ ಬರೆಹಗಳಲ್ಲಿ ಅದನ್ನು ವಿದ್ವಾಂಸರು ಎಣಿಸುತ್ತಾರೆ. ಆಗ ಆಳುತ್ತಿದ್ದವನು ಚಾಲುಕ್ಯ ಇಮ್ಮಡಿ ಜಯಸಿಂಹ. ಆಸ್ಥಾನದ ಭಾಷೆ ಕನ್ನಡ. ಸೊಲ್ಲಾಪುರದ ಸೀಮೆಯಲ್ಲಿ ಆ ಕಾಲದ ಕನ್ನಡ ಶಾಸನಗಳು ಹೇರಳವಾಗಿವೆ. ಮುಂದಿನ ಶತಮಾನದಲ್ಲಿ ಅಲ್ಲಿಯೇ, ಸೊನ್ನಲಿಗೆಯಲ್ಲಿ, ಸಿದ್ಧರಾಮನು ಕನ್ನಡದಲ್ಲಿ ವಚನಗಳನ್ನು ಹೇಳಿದನು. ಹೀಗೆ ಕನ್ನಡದ ಹೆಸರುಳ್ಳ ಊರಿನಲ್ಲಿ, ಕನ್ನಡದ ಅರಸು ಇದ್ದಾಗ, ಸಂಗಮೇಶ್ವರನ ಗುಡಿಯಲ್ಲಿ ಮರಾಠಿಯ ಒಂದು ಅತಿ ಹಳೆಯ ವಾಕ್ಯ ದೊರೆಯುತ್ತದೆ.

ಇದನ್ನು ಕಂಡು ಕನ್ನಡಿಗರು ಮುಜುಗರಪಡಬೇಕಾದುದಿಲ್ಲ, ಮರಾಠಿಗರು ಹಿಗ್ಗಿ ಉಳಿದುದನ್ನು ಮರೆಯಬೇಕಾದುದೂ ಇಲ್ಲ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಮೂರು ಭಾಷೆಗಳ ಬರೆಹಗಳಿವೆ. ಅದರಿಂದ ಬೆಳಗೊಳವು ಮರಾಠಿಯ ನಾಡಾಗಲಿಲ್ಲ, ತಮಿಳರ ನಾಡೂ ಆಗಲಿಲ್ಲ. ಬಂದುಹೋಗುವ ಜನರ ಭಾಷೆಗೂ ಅಲ್ಲಿ ಗೌರವವಿತ್ತೆಂಬುದು ಮಾತ್ರ ತಿಳಿಯಿತು. ಅದೇ ನ್ಯಾಯವನ್ನು ನಾವು ಭೀಮಾತೀರಕ್ಕೂ ಸಲ್ಲಿಸಬೇಕು.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು. ಗಡಿಯ ವಾದವಿವಾದಗಳಲ್ಲಿ ಊರ ಹೆಸರುಗಳ ಪಟ್ಟಿಯೇ ದೊಡ್ಡ ಆಯುಧವೆಂಬ ಭಾವನೆ ನಮ್ಮಲ್ಲಿದೆ. ೧೯೫೩ರಲ್ಲಿ ಆದೋನಿ, ಆಲೂರು, ರಾಯದುರ್ಗಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಹೋದುವು. ೧೯೫೬ರ ನವೆಂಬರ್ ೧ರ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳವನ್ನು ಸೇರಿತು. ಆಲಂಪುರವು ರಾಯಚೂರು ಜಿಲ್ಲೆಯಿಂದ ಮಹಬೂಬನಗರಕ್ಕೆ ಹೋಯಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತುಗಳು ಮುಂಬಯಿ ರಾಜ್ಯದಲ್ಲಿದ್ದು ೧೯೬೦ರಲ್ಲಿ ಮಹಾರಾಷ್ಟ್ರದವಾದುವು. ಈ ಪ್ರತಿಯೊಂದು ಸಂದರ್ಭದಲ್ಲಿಯೂ 'ಈ ಹೆಸರು ನಮ್ಮದು, ಆದುದರಿಂದ ಈ ಊರು ನಮ್ಮದು' ಎಂಬ ವಾದ ಕೇಳಿಬರುವುದು ಸಹಜ. ಆದರೆ ಕೂಡಲವೆಂಬುದು ಕನ್ನಡದ ಪದ, ಆದಕಾರಣ ಕೂಡಲವಿದ್ದಲ್ಲೆಲ್ಲ ಕನ್ನಡನಾಡು ಎಂದು ನಾವು ವಾದ ಹೂಡಿದರೆ, ಎದುರಾಳಿಯು ಮಧುರೆಯ ಕೂಡಲನ್ನು ತೋರಿಸಿ ಒಂದೇ ಮಾತಿನಲ್ಲಿ ನಮ್ಮ ಬಾಯಿ ಕಟ್ಟುತ್ತಾನೆ. ದುರ್ಬಲವಾದ ಒಂದು ಸಾಕ್ಷಿಯನ್ನು ಮುಂದಿಟ್ಟುದರಿಂದ ಬಲವಾದ ಹತ್ತು ಸಾಕ್ಷಿಗಳೂ ಅವಿಶ್ವಾಸಕ್ಕೆ ಪಾತ್ರವಾಗುತ್ತವೆ. ಸೊಲ್ಲಾಪುರದ ಸೀಮೆಯಲ್ಲಿ ಕನ್ನಡವು ಪುರಾತನವೆಂಬುದಕ್ಕೆ ಆಧಾರ ಕೂಡಲವೆಂಬ ಹೆಸರೊಂದೇ ಅಲ್ಲ. ಅಲ್ಲಿಯ ಶಾಸನಗಳು, ಸಿದ್ಧರಾಮನ ವಚನಗಳು, ಇಂದಿಗೂ ಮನೆಯಲ್ಲಿ ಕನ್ನಡವಾಡುವ ಜನ. ಹೆಸರು ಇವುಗಳ ಜೊತೆಗೆ ನಿಂತಾಗ ಮಾತ್ರ ಅದಕ್ಕೆ ಬಲ.

ನೆಲವನ್ನು ಬಿಟ್ಟ ಹೆಸರು

ಹೆಸರಿಗೂ ನೆಲಕ್ಕೂ ಇರುವ ನಂಟು ಶಾಶ್ವತವೂ ಅಲ್ಲ. ಕೂಡವೆಲ್ಲಿಯಲ್ಲಿ ಬಾದಾಮಿ ಚಾಲುಕ್ಯರ ಕಾಲದ ಸಂಗಮೇಶ್ವರ ದೇವಾಲಯವಿತ್ತು. ಶ್ರೀಶೈಲದ ಜಲಾಶಯದಲ್ಲಿ ಆ ಸ್ಥಳ ಮುಳುಗುವುದೆಂದಾದಾಗ ಕಲ್ಲು ಕಲ್ಲನ್ನು ಬಿಚ್ಚಿ ತಂದು ಗುಡಿಯನ್ನು ಆಲಂಪುರದಲ್ಲಿ ಮತ್ತೆ ಜೋಡಿಸಿದರು. ಇಂದು ಅದನ್ನು ನೋಡುವ ಯಾತ್ರಿಕನಿಗೆ ಕೂಡವೆಲ್ಲಿಯ ಸಂಗಮೇಶ್ವರನೆಂದೇ ಪರಿಚಯಿಸುತ್ತಾರೆ. ಆದರೆ ಅವನ ಮುಂದೆ ಸಂಗಮವಿಲ್ಲ. ಬಸವಣ್ಣನವರ ಕೂಡಲಸಂಗಮದಲ್ಲಿಯೂ ೧೯೮೨ರಲ್ಲಿ ಪೂರ್ತಿಯಾದ ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಏರಿ ನಿಂತಿತು. ಐಕ್ಯಸ್ಥಳವನ್ನು ಸುತ್ತಲೂ ಗೋಡೆ ಕಟ್ಟಿ ಬಾವಿಯಂತೆ ಕಾಪಾಡಿದ್ದಾರೆ. ಕೃಷ್ಣೆಯು ಎಲ್ಲಿ, ಮಲಪ್ರಭೆಯು ಎಲ್ಲಿ ಎಂದು ನೀರು ತುಂಬಿದ ಕಾಲದಲ್ಲಿ ಬೆರಳಿಟ್ಟು ತೋರಿಸುವುದು ಕಷ್ಟ. ಮುಂದಿನ ತಲೆಮಾರಿನ ವಿದ್ವಾಂಸನು ಭೂಪಟವನ್ನು ಮಾತ್ರ ನೋಡಿ ಈ ಊರುಗಳಿಗೆ ಈ ಹೆಸರು ಏಕೆ ಬಂತೆಂದು ಬೆರಗಾಗಬಹುದು. ಆಗ ಅವನಿಗೆ ನೆರವಾಗುವುದು ಕಂಡವರು ಬರೆದಿಟ್ಟ ಟಿಪ್ಪಣಿ ಮಾತ್ರ.

ಹೆಸರು ನೆಲವನ್ನು ಬಿಡುವ ಇನ್ನೊಂದು ಬಗೆಯಿದೆ, ಅದು ಅನುವಾದ. ಕಾಸರಗೋಡು ಜಿಲ್ಲೆಯಲ್ಲಿ ಕೆಳದಿಯ ನಾಯಕರು ಕಟ್ಟಿಸಿದ ಕೋಟೆಯೊಂದರ ಹೆಸರು ಹೊಸದುರ್ಗ. ಚಿತ್ರದುರ್ಗ ಜಿಲ್ಲೆಯಲ್ಲಿಯೂ ಒಂದು ಹೊಸದುರ್ಗವಿದೆ. ಎರಡಕ್ಕೂ ಸಂಬಂಧವಿಲ್ಲ, ಹೊಸದಾಗಿ ಕಟ್ಟಿದ ಕೋಟೆ ಎಲ್ಲಿದ್ದರೂ ಹೊಸದುರ್ಗವೇ. ಕಾಞಂಗಾಡಿನ ಮಲಯಾಳಿಗಳ ಬಾಯಲ್ಲಿ ಅದೇ ಕೋಟೆ ಪುದಿಯಕೋಟ, ಅರ್ಥ ಅದೇ. ಎರಡು ಹೆಸರೂ ಜೊತೆಯಲ್ಲಿರುವವರೆಗೆ ಯಾರಿಗೂ ನಷ್ಟವಿಲ್ಲ. ಕೂಡಲವೂ ಸಂಗಮವೂ ಜೊತೆಯಲ್ಲಿ ಇದ್ದಂತೆಯೇ ಅದು. ಒಂದನ್ನು ದಾಖಲೆಯಿಂದ ತೆಗೆದುಹಾಕಿದರೆ ಮಾತ್ರ ಕಟ್ಟಿಸಿದವರ ನೆನಪು ಅಳಿಯುತ್ತದೆ. ೨೦೨೧ರ ಜೂನ್ ತಿಂಗಳಲ್ಲಿ ಕಾಸರಗೋಡಿನ ಕನ್ನಡ ಊರ ಹೆಸರುಗಳನ್ನು ಬದಲಿಸುತ್ತಾರೆಂಬ ಸುದ್ದಿ ಹಬ್ಬಿ ಕರ್ನಾಟಕದಲ್ಲಿ ಕಳವಳ ಉಂಟಾಯಿತು. ಅಂಥ ಆಲೋಚನೆ ಇಲ್ಲವೆಂದು ಕೇರಳ ಸರಕಾರದ ಕಡೆಯಿಂದ ಸಮಾಧಾನ ಬಂದಿತು. ಆದರೆ ಹೆಸರು ಮಾಯವಾಗಲು ಯಾವಾಗಲೂ ಸರಕಾರದ ಆಜ್ಞೆಯೇ ಬೇಕೆಂದಿಲ್ಲ. ಫಲಕ ಬರೆಯುವವನು ಒಂದು ಅಕ್ಷರವನ್ನು ಬದಲಿಸುತ್ತಾನೆ. ಕಚೇರಿಯ ಗುಮಾಸ್ತನು ಅದನ್ನು ನಕಲು ಮಾಡುತ್ತಾನೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅದೇ ಸ್ಥಿರವಾಗುತ್ತದೆ. ಆ ಪುಸ್ತಕವನ್ನು ಬರೆಯುವವರು ನಾವೇ.

ಉಪಾಧ್ಯಾಯರ ಪಾಲಿನ ಕೆಲಸ

ಮೇಲೆ ಹೇಳಿದುದರಿಂದ ಒಂದು ಕಾರ್ಯಕ್ರಮವನ್ನು ರೂಪಿಸಿಕೊಳ್ಳಬಹುದು. ಊರಿನ ಹೆಸರನ್ನು ಕುರಿತು ಬರೆಯುವಾಗ ಐದು ಪ್ರಶ್ನೆಗ‍ಳನ್ನು ಕೇಳಿಕೊಳ್ಳಬೇಕು. ಅದೇ ಹೆಸರಿನ ಬೇರೆ ಊರುಗಳು ಎಲ್ಲಿವೆ? ಹೆಸರು ಸೂಚಿಸುವ ಲಕ್ಷಣ, ಹೊಳೆಯಾಗಲಿ ಗುಡ್ಡವಾಗಲಿ ಕೋಟೆಯಾಗಲಿ, ಆ ನೆಲದಲ್ಲಿ ಉಂಟೆ? ಶಾಸನದಲ್ಲಿ ಆ ಹೆಸರಿನ ಜೊತೆಗೆ ಯಾವ ನಾಡಿನ, ಯಾವ ಅರಸನ, ಯಾವ ವರ್ಷದ ಉಲ್ಲೇಖವಿದೆ? ನೆರೆಯ ಭಾಷೆಯವರು ಆ ಊರನ್ನು ಏನೆಂದು ಕರೆಯುತ್ತಾರೆ? ಊರಿನ ವಯೋವೃದ್ಧರು ಅದನ್ನು ಹೇಗೆ ಉಚ್ಚರಿಸುತ್ತಾರೆ? ಈ ಐದಕ್ಕೂ ಉತ್ತರ ಬರೆದ ಮೇಲೆ ನಿರ್ಣಯವನ್ನು ಹೇಳಿದರೆ ಅದನ್ನು ಅಲುಗಿಸುವುದು ಸುಲಭವಲ್ಲ.

ಇದಕ್ಕೆ ಪಾಂಡಿತ್ಯಕ್ಕಿಂತ ಹೆಚ್ಚಾಗಿ ಬೇಕಾದುದು ಕಾಲ್ನಡಿಗೆ. ಕಾಸರಗೋಡಿನ ಹತ್ತಿರದ ಕೂಡ್ಲು ಯಕ್ಷಗಾನದ ಮೇಳದಿಂದ ಹೆಸರಾದ ಊರು. ಬೆಂಗಳೂರಿನ ಅಂಚಿನಲ್ಲಿಯೂ ಒಂದು ಕೂಡ್ಲು ಇದೆ. ಈ ಊರುಗಳಲ್ಲಿ ಏನು ಏನನ್ನು ಕೂಡಿತು ಎಂಬ ಪ್ರಶ್ನೆಗೆ ಪುಸ್ತಕದ ಕಪಾಟಿಗಿಂತ ಹಳ್ಳದ ದಂಡೆಯಲ್ಲಿ ಉತ್ತರ ಬೇಗ ಸಿಕ್ಕುತ್ತದೆ. ಎಂಟನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋದರೆ ಸಮಾಜಪಾಠವೂ ಭಾಷಾಪಾಠವೂ ಒಟ್ಟಿಗೆ ನಡೆಯುತ್ತವೆ.

ದೊಡ್ಡ ಊರುಗಳ ಹೆಸರನ್ನು ಸರಕಾರವೂ ಗ್ರಂಥಗಳೂ ಹೇಗೋ ಉಳಿಸಿಕೊಳ್ಳುತ್ತವೆ. ಉಳಿಯದಿರುವುವು ಹೊಲದ ಹೆಸರು, ಕಟ್ಟೆಯ ಹೆಸರು, ಎರಡು ಹಳ್ಳ ಕೂಡುವ ಮೂಲೆಯ ಹೆಸರು. ಜತ್ತಿನಲ್ಲಾಗಲಿ ಮಡಕಶಿರದಲ್ಲಾಗಲಿ ತಾಳವಾಡಿಯಲ್ಲಾಗಲಿ ಮಕ್ಕಳು ಶಾಲೆಯಲ್ಲಿ ಬೇರೆ ಭಾಷೆ ಕಲಿತರೂ ಅವರ ಅಜ್ಜಿಯರು ಆ ಮೂಲೆಯನ್ನು ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಅದನ್ನು ಅವರ ಉಚ್ಚಾರಣೆಯಂತೆಯೇ, ತಿದ್ದದೆ, ಸರ್ವೆ ನಂಬರಿನೊಡನೆ ಬರೆದಿಡಬೇಕು. ನೆರೆಯ ಭಾಷೆಯ ಹೆಸರಿದ್ದರೆ ಅದನ್ನೂ ಪಕ್ಕದಲ್ಲಿಯೇ ಬರೆಯಬೇಕು. ಪ್ರತಿಯೊಂದು ಶಾಲೆಯೂ ಬೇಸಗೆಯ ರಜೆಯೊಳಗೆ ತನ್ನ ಊರಿನ ಇಂಥ ಇಪ್ಪತ್ತು ಹೆಸರುಗಳನ್ನು ಸಂಗ್ರಹಿಸಿಕೊಟ್ಟರೂ ನಮ್ಮ ಗಡಿನಾಡಿನ ಸ್ಥಳನಾಮಕೋಶಕ್ಕೆ ಭದ್ರವಾದ ತಳಹದಿ ಬೀಳುತ್ತದೆ. ಉಪಾಧ್ಯಾಯ ಬಂಧುಗಳು ಈ ಕೆಲಸವನ್ನು ತಮ್ಮ ಊರಿನ ಹಳ್ಳದಿಂದಲೇ ಆರಂಭಿಸಬೇಕೆಂದು ಕೋರಿ ಈ ಲೇಖನವನ್ನು ಮುಗಿಸುತ್ತೇನೆ.